ಅರವತ್ತಮೂರನೆಯ ವಿಳಾಸ

"ನೀವು ಹುಡುಕೋ ಮನುಷ್ಯ ಇಲ್ಲಿಲ್ಲ ಮೇಡಂ," ಎಂದ ಬೈಂಡರ್, ತಲೆ ಎತ್ತದೆ.

ಯಾರದೋ ಪ್ರಬಂಧದ ಮುನ್ನೂರು ಹಾಳೆಗಳನ್ನು ಹಲಗೆಗೆ ಬಿಗಿದು ದಪ್ಪ ಸೂಜಿಯಿಂದ ಬೆನ್ನು ಹೊಲಿಯುತ್ತಿದ್ದ. ಯೂನಿವರ್ಸಿಟಿಯ ಹಿಂದಿನ ಗೇಟಿನ ಎದುರಿಗಿದ್ದ ಆ ಅಂಗಡಿಯಲ್ಲಿ ಎರಡು ಜೆರಾಕ್ಸ್ ಮೆಷಿನ್ನುಗಳು, ಹಾಳೆ ಕತ್ತರಿಸುವ ಒಂದು ಯಂತ್ರ, ಮೂಗಿಗೆ ಹತ್ತುವ ಗೋಂದಿನ ವಾಸನೆ.

"ಹಳೇ ವಿಳಾಸದ ಅಕ್ಕಪಕ್ಕದವರು ಇಲ್ಲೇ ಕೆಲಸ ಮಾಡ್ತಾರೆ ಅಂದ್ರು," ಎಂದಳು ಅವಳು.

"ಮಾಡ್ತಿದ್ದನೇನೋ. ಈಗಿಲ್ಲ."

ಅವಳ ಕೈಯಲ್ಲಿ ಎಂಬತ್ತು ಜನರ ಪಟ್ಟಿಯಿತ್ತು. ಒಂಬತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಸೇರದೆ ಹೋದವರ ಪಟ್ಟಿ. ಅವರು ಯಾಕೆ ಬರಲಿಲ್ಲ ಎನ್ನುವುದೇ ಅವಳ ಪಿಎಚ್.ಡಿ. ವಿಷಯ. ಅರವತ್ತಮೂರನೆಯವನ ಮುಂದೆ ಪೆನ್ಸಿಲಿನಲ್ಲಿ "ಪತ್ತೆಯಾಗಿಲ್ಲ" ಎಂದು ಬರೆದುಕೊಂಡಳು. ಬಂದದ್ದಕ್ಕೆ ಪ್ರಶ್ನಾವಳಿಯ ಐವತ್ತು ಪ್ರತಿ ತೆಗೆಸಿಕೊಂಡು ಹೋಗೋಣವೆಂದು ಫಾರಂ ಕೊಟ್ಟಳು.

ಅವನು ಮೆಷಿನ್ನಿಗೆ ಹಾಕುವ ಮೊದಲು ಅದನ್ನು ಓದಿದ. ಮೇಲಿನಿಂದ ಕೆಳಗಿನವರೆಗೆ, ನಿಧಾನವಾಗಿ.

"ಹನ್ನೊಂದನೇ ಪ್ರಶ್ನೆ ತಪ್ಪಿದೆ."

"ಏನು ತಪ್ಪು?"

"ಕಾಲೇಜು ಬಿಡಲು ಕಾರಣವೇನು ಅಂತ ಕೇಳಿದೀರಿ. ಸೇರದೇ ಇದ್ದವರು ಬಿಡೋದು ಹೇಗೆ ಮೇಡಂ?"

ಗೈಡ್ ಎರಡು ಸಲ ತಿದ್ದಿದ್ದ ಫಾರಂ ಅದು. ಅವಳು ಪೆದ್ದಿಯ ಹಾಗೆ ಅವನ ಮುಖ ನೋಡಿದಳು. ಆಗ ಅವನು ಮೊದಲ ಸಲ ನಕ್ಕ. ಎಡಗೆನ್ನೆಗೆ ಗೋಂದು ಮೆತ್ತಿತ್ತು.

ಆ ದಿನದಿಂದ ಅವಳು "ಪ್ರಶ್ನೆ ಮೇಡಂ" ಆದಳು. ಅವನು ಎಲ್ಲರಿಗೂ ಬರೀ ಬೈಂಡರ್; ಹೆಸರನ್ನು ಅವಳೂ ಕೇಳಲಿಲ್ಲ.

ಎರಡು ತಿಂಗಳು ಅವಳು ಊರೆಲ್ಲ ಅಲೆದಳು. ಪ್ರವೇಶಪತ್ರ ಕೈಗೆ ಬರುವಷ್ಟರಲ್ಲಿ ಕೊನೆಯ ದಿನಾಂಕ ದಾಟಿ ನಾಲ್ಕು ದಿನವಾಗಿದ್ದವನು ಒಬ್ಬ. ಗಾಲಿಕುರ್ಚಿಯಲ್ಲಿ ಬಂದು, ಮೂರನೇ ಮಹಡಿಯ ಕ್ಲಾಸಿಗೆ ಲಿಫ್ಟ್ ಇಲ್ಲವೆಂದು ಮೆಟ್ಟಿಲ ಬುಡದಿಂದಲೇ ತಿರುಗಿ ಹೋದವಳು ಒಬ್ಬಳು. ತಮ್ಮಂದಿರನ್ನು ನೋಡಿಕೊಳ್ಳುವವರು ಯಾರು ಎಂದು ಚಿಕ್ಕಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲದೆ ಉಳಿದುಹೋದವಳು ಇನ್ನೊಬ್ಬಳು. ಎಲ್ಲರೂ ತಣ್ಣಗೆ ಹೇಳಿದರು. ತಮ್ಮ ಕಥೆಯಲ್ಲ, ಯಾರದೋ ಕಥೆ ಎಂಬಂತೆ. ಮನೆಗೆ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಂಗಡಿಗೆ ಬಂದರೆ ಮಾತ್ರ ಉಸಿರು ಸರಾಗವಾಗುತ್ತಿತ್ತು. ಅವನು ಸ್ಟೂಲಿನ ಮೇಲಿನ ಹಾಳೆ ಕಟ್ಟನ್ನು ಕೆಳಗಿಳಿಸಿ ಅವಳಿಗೆ ಜಾಗ ಮಾಡುತ್ತಿದ್ದ. ಬೈಂಡಿಂಗಿಗೆ ಬಂದ ಪ್ರಬಂಧಗಳನ್ನೆಲ್ಲ ಅವನು ಓದುತ್ತಿದ್ದ ಎಂದು ಅವಳಿಗೆ ತಿಳಿದದ್ದು ಹಾಗೆ.

"ಈ ಬೀದೀಲಿ ನನ್ನಷ್ಟು ಡಾಕ್ಟರೇಟ್ ಮಾಡಿದವರು ಯಾರೂ ಇಲ್ಲ," ಎನ್ನುತ್ತಿದ್ದ. "ಎಲ್ಲದರ ಬೆನ್ನುಮೂಳೆ ನನ್ನ ಕೈಯಲ್ಲೇ ಆಗಿದ್ದು."

ಪ್ರತಿಗಳನ್ನು ಕೊಡುವಾಗ ಅವನು ಕಟ್ಟಿನ ಇನ್ನೊಂದು ತುದಿಯನ್ನು ಒಂದು ಕ್ಷಣ ಹೆಚ್ಚಾಗಿಯೇ ಹಿಡಿದಿರುತ್ತಿದ್ದ.

"ಬಿಡಿ."

"ಎಣಿಸಿಕೊಂಡ್ರಾ?"

"ನಿಮ್ಮ ಮೇಲೆ ನಂಬಿಕೆ ಇದೆ."

"ನಂಬಬೇಡಿ. ಮೊನ್ನೆ ಎರಡು ಹಾಳೆ ಕಮ್ಮಿ ಇತ್ತಲ್ವಾ?"

ಇತ್ತು. ಆ ಎರಡು ಹಾಳೆಗೋಸ್ಕರ ಅವಳು ಮರುದಿನ ಮತ್ತೆ ಬಂದಿದ್ದಳು. "ಬೇಕಂತಲೇ ಕಮ್ಮಿ ಮಾಡಿದ್ರಾ?" ಎಂದು ಈಗ ಕೇಳಿದರೆ ಅವನು ಸೂಜಿಗೆ ದಾರ ಪೋಣಿಸಲು ಕೂತ. ಸೂಜಿಯ ಕಣ್ಣು ಎಷ್ಟು ದೊಡ್ಡದಿತ್ತೆಂದರೆ ಬೆರಳೇ ಹೋಗುವಂತಿತ್ತು. ಆದರೂ ಮೂರು ಸಲ ತಪ್ಪಿತು. ಅವನ ಕಿವಿ ಕೆಂಪಾಗಿದ್ದನ್ನು ನೋಡಿ ಅವಳು ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಹೋದಳು.

"ನೀವು" ಯಾವಾಗ "ನೀನು" ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮೆಷಿನ್ನುಗಳ ಸದ್ದು ನಿಂತು ಅಂಗಡಿ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಅವಳು ಪಟ್ಟಿ ತಿರುವುತ್ತ, "ಎಪ್ಪತ್ತೊಂಬತ್ತು ಜನ ಸಿಕ್ಕರು. ಅರವತ್ತಮೂರೊಂದೇ ಬಾಕಿ," ಎಂದಳು.

ಅವನು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟ.

"ಅರವತ್ತಮೂರು ನಾನೇ," ಎಂದ.

ಅವಳು ಏನೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ಅವನು ಹೇಳಿದ.

ಅವನ ಅಪ್ಪನಿಗೆ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ತೊಳೆಯುವ ಕೆಲಸ. ಸೀಟು ಸಿಕ್ಕಾಗ ಮಗನಿಗೆ ಹೊಸ ಅಂಗಿ ತಂದಿದ್ದರು. ಡಿಗ್ರಿ ಮುಗಿಯುವವರೆಗೂ ಬರಲಿ ಎಂದು ಎರಡು ಸೈಜ್ ದೊಡ್ಡದು. ದಾಖಲೆ ತೋರಿಸುವ ದಿನ ಮೇಜಿನ ಹಿಂದೆ ಕೂತಿದ್ದವನು ತಂದೆಯ ಉದ್ಯೋಗ ಎಂಬಲ್ಲಿಗೆ ಬಂದು ಅದನ್ನು ಗಟ್ಟಿಯಾಗಿ ಓದಿದ. ಕಾಗದವನ್ನು ಪೆನ್ನಿನ ತುದಿಯಿಂದ ಆಚೆ ತಳ್ಳಿ, "ಕೈ ತೊಳೆದುಕೊಂಡು ಬಂದಿದ್ದೀಯೇನಪ್ಪಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮುಂದೆ ಮೂರು ವರ್ಷ ಪಕ್ಕದಲ್ಲಿ ಕೂರಬೇಕಾಗಿದ್ದ ಹುಡುಗರು.

"ಕಾಗದ ಎತ್ತಿಕೊಂಡು ಈಚೆ ಬಂದೆ. ಸಾಯಂಕಾಲದವರೆಗೂ ಪಾರ್ಕಲ್ಲಿ ಕೂತಿದ್ದೆ. ಮನೆಗೆ ಹೋಗಿ, ಪಟ್ಟೀಲಿ ನನ್ನ ಹೆಸರೇ ಇಲ್ಲ, ಮೊದಲು ಹೇಳಿದ್ದು ತಪ್ಪಾಗಿತ್ತಂತೆ ಅಂದೆ. ಅಪ್ಪ, ನನಗೆ ನಾಲ್ಕಕ್ಷರ ಬಂದಿದ್ರೆ ನಿನಗೆ ಹೇಳಿಕೊಡ್ತಿದ್ದೆ, ನನ್ನದೇ ತಪ್ಪು ಅಂದ್ರು. ನಾಲ್ಕು ವರ್ಷ ಆದ್ಮೇಲೆ ತೀರಿಕೊಂಡರು. ಮಗ ದಡ್ಡ ಅಂದುಕೊಂಡೇ ಹೋದರು. ಅಮ್ಮನಿಗೂ ಗೊತ್ತಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು.

"ನಿನ್ನ ಫಾರಮ್ಮಲ್ಲಿ ಪತ್ತೆಯಾಗಿಲ್ಲ ಅಂತಲೇ ಇರಲಿ," ಎಂದ.

"ಆಯ್ತು," ಎಂದಳು.

ಆಗ ಅವಳು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು.

ಗೈಡ್ ಆರನೆಯ ಅಧ್ಯಾಯವನ್ನು ಓದಿ ಮೇಜಿನ ಮೇಲೆ ಹಾಕಿದರು. "ಬರೀ ಅಂಕಿ ಸಂಖ್ಯೆ. ಇದರಲ್ಲಿ ಮನುಷ್ಯರೆಲ್ಲಿದ್ದಾರಮ್ಮಾ?" ಅವಳು ಒಂದು ವಾರ ತಡೆದಳು. ಆಮೇಲೆ ಅರವತ್ತಮೂರನೆಯವನ ಕಥೆಯನ್ನು, ಅಪ್ಪನಿಗೆ ಹೇಳಿದ ಸುಳ್ಳಿನ ಸಮೇತ, ಬರೆದಳು. ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗುತ್ತೆ ಎಂದು ತನಗೆ ತಾನೇ ಹೇಳಿಕೊಂಡಳು. ಬರೆದದ್ದು ಚೆನ್ನಾಗಿಯೂ ಬಂತು. ಕೊನೆಗೆ ಪುಸ್ತಕಗಳಲ್ಲಿ ಕಲಿತ ಒಂದು ಮಾತು ಸೇರಿಸಿದಳು: ಇದು ಸ್ವಯಂ ಹೊರಗುಳಿಯುವಿಕೆ. ಅಂದರೆ, ತನ್ನನ್ನು ತಾನೇ ಹೊರಗಿಟ್ಟುಕೊಂಡವನು.

ಅಧ್ಯಯನದಲ್ಲಿ ಕಂಡದ್ದನ್ನು ಊರಿನವರ ಮುಂದೆ ಓದಬೇಕೆಂದು ವಿಭಾಗದವರು ಗ್ರಂಥಾಲಯದ ಹಾಲಿನಲ್ಲಿ ಒಂದು ಭಾನುವಾರ ಸಭೆ ಕರೆದರು. ಅವನಿಗೂ ಹೇಳಿದ್ದಳು. ಭಾನುವಾರ ಅಂಗಡಿಯಲ್ಲಿ ಕೈತುಂಬ ಕೆಲಸ, ಅವನು ಬರಲಾರ ಎಂದುಕೊಂಡಿದ್ದಳು.

ಆ ಪುಟಕ್ಕೆ ಬಂದು ತಲೆ ಎತ್ತಿದಾಗ ಅವನು ಮೂರನೆಯ ಸಾಲಿನಲ್ಲಿದ್ದ. ಕ್ಷೌರ ಮಾಡಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಪಕ್ಕದಲ್ಲಿ ಬೆಳ್ಳಗಿನ ಕೂದಲಿನ, ಸಣ್ಣ ದೇಹದ ಹೆಂಗಸು. ಅವನು ಅಮ್ಮನ ಕಿವಿಯಲ್ಲಿ ಏನೋ ಹೇಳಿ ವೇದಿಕೆಯತ್ತ ಕಣ್ಣು ತೋರಿಸಿದ. ಆಕೆ ಅವಳನ್ನು ನೋಡಿ ನಕ್ಕಳು. ಹುಡುಗಿ ಹೇಗಿದ್ದಾಳೆ ಎಂದು ನೋಡಲು ಬಂದವರ ನಗು ಅದು.

ಅವಳು ಪುಟ ತಿರುಗಿಸಿಬಿಡಬಹುದಿತ್ತು. ಪಕ್ಕದಲ್ಲಿ ಗೈಡ್ ಕೂತಿದ್ದರು. ಮುಂದಿನ ಸಾಲಿನಲ್ಲಿ ಇಬ್ಬರು ಪ್ರೊಫೆಸರುಗಳು ಪೆನ್ನು ತೆಗೆದು ಕಾಯುತ್ತಿದ್ದರು. ಬಾಯಿ ತಾನಾಗಿಯೇ ಓದತೊಡಗಿತು.

ಶವಾಗಾರ ಎಂದಾಗ ಅವನ ಮುಖದ ನಗು ಹಾಗೇ ನಿಂತಿತು. ಎರಡು ಸೈಜ್ ದೊಡ್ಡ ಅಂಗಿ ಎಂದಾಗ ಆ ತಾಯಿ ಮೆಲ್ಲನೆ ಮಗನ ಕಡೆ ತಿರುಗಿದಳು. ಅವನು ತಿರುಗಲಿಲ್ಲ. ತನ್ನ ಬೂಟುಗಳನ್ನೇ ನೋಡುತ್ತಿದ್ದ. ಓದಿ ಮುಗಿದಾಗ ಹಾಲಿನಲ್ಲಿ ಚಪ್ಪಾಳೆ ಬಿತ್ತು. ತಾಯಿ ಎದ್ದು, ಕುರ್ಚಿಗಳ ನಡುವೆ ಜಾಗ ಕೇಳಿಕೊಂಡು ಹೊರಗೆ ಹೋದಳು. ಅವನು ಹಿಂದೆ ಹೋದ.

ಮರುದಿನ ಬೆಳಿಗ್ಗೆ ಅವಳು ಅಂಗಡಿಯ ಮುಂದೆ ನಿಂತಳು.

"ಎಷ್ಟು ಕಾಪಿ ಮೇಡಂ?" ಎಂದ ಅವನು.

"ದಯವಿಟ್ಟು ಹಾಗೆ ಮಾತಾಡಬೇಡ."

"ಹಿಂದೆ ಜನ ನಿಂತಿದ್ದಾರೆ. ಎಷ್ಟು ಕಾಪಿ ಹೇಳಿ."

"ತೆಗೆದುಹಾಕ್ತೀನಿ. ಇವತ್ತೇ ಆ ಪುಟ ತೆಗೀತೀನಿ."

ಅವನು ಮೆಷಿನ್ನಿನ ಮುಚ್ಚಳ ಹಾಕಿದ. "ತನ್ನನ್ನು ತಾನೇ ಹೊರಗಿಟ್ಟುಕೊಂಡ ಅಂತ ಬರೆದಿದ್ದೀರಿ. ಅವತ್ತು ನಕ್ಕವರು ಕೂಡ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ." ಆಮೇಲೆ ಹಿಂದಿದ್ದವರಿಗೆ, "ನೀವು ಕೊಡಿ ಸಾರ್," ಎಂದ.

ಅವಳು ಅಧ್ಯಾಯವನ್ನು ವಾಪಸ್ ಪಡೆದಳು. ಆರನೆಯದಿಲ್ಲದೆ ಪ್ರಬಂಧ ಒಪ್ಪಿಸಲಾಗದು, ಒಂದು ವರ್ಷ ಹೋಗುತ್ತದೆ ಎಂದು ಗೈಡ್ ಹೇಳಿದರು. ಹೋಗಲಿ ಎಂದಳು. ಅದರಿಂದ ಏನೂ ಹಗುರವಾಗಲಿಲ್ಲ. ಹದಿನೈದು ದಿನ ಅಂಗಡಿಯ ಬೀದಿಯನ್ನು ತಪ್ಪಿಸಿ ಸುತ್ತು ದಾರಿಯಲ್ಲಿ ನಡೆದಳು. ಹದಿನಾರನೆಯ ದಿನ ನೋಟ್‌ಬುಕ್, ಪೆನ್ನು ಎಲ್ಲ ಮನೆಯಲ್ಲೇ ಬಿಟ್ಟು, ಅವನೇ ಹಿಂದೊಮ್ಮೆ ಹೇಳಿದ್ದ ಗುರುತು ಹಿಡಿದು ಅವನ ಅಮ್ಮನನ್ನು ನೋಡಲು ಹೋದಳು.

ಎರಡು ಕೋಣೆಯ ಮನೆ. ಅಮ್ಮ ಆಸ್ಪತ್ರೆಯ ದಿಂಬಿನ ಚೀಲಗಳನ್ನು ಹೊಲಿಯುತ್ತ ಕೂತಿದ್ದಳು. ಅವಳನ್ನು ನೋಡಿ ಮೆಷಿನ್ ನಿಲ್ಲಿಸಲಿಲ್ಲ. ಆ ಹೊಲಿಗೆ ಮುಗಿಸಿ, ಹಲ್ಲಿನಿಂದ ದಾರ ಕಡಿದು, "ಕೂತ್ಕೋಮ್ಮಾ," ಎಂದಳು.

"ತಪ್ಪು ಮಾಡಿಬಿಟ್ಟೆ ಅಮ್ಮಾ."

"ಮಾಡಿದೆ." ಅಮ್ಮ ಅದನ್ನು ಹಗುರ ಮಾಡಲಿಲ್ಲ. ಸ್ವಲ್ಪ ಹೊತ್ತು ಚೀಲಗಳನ್ನು ಮಡಚಿದಳು. "ಅವನು ಎರಡು ವಾರದಿಂದ ನನ್ನ ಮುಖ ನೋಡ್ತಿಲ್ಲ. ಅಪ್ಪನಿಗೆ ಸುಳ್ಳು ಹೇಳಿದ್ದು ನನಗೆ ಗೊತ್ತಾಯ್ತಲ್ಲ ಅಂತ. ಹುಚ್ಚಪ್ಪ. ಅವರಿಗೆ ಆಗಲೇ ಗೊತ್ತಾಗಿತ್ತು."

ಅಮ್ಮ ಇನ್ನೊಂದು ಚೀಲ ಕೈಗೆತ್ತಿಕೊಂಡಳು.

"ಮಾರನೇ ದಿನ ಡ್ಯೂಟಿ ಮುಗಿಸಿಕೊಂಡು ಇವರು ಕಾಲೇಜಿಗೆ ಹೋದರು, ಬೇರೆ ಏನಾದರೂ ಓದೋಕೆ ಆಗುತ್ತಾ ಅಂತ ಕೇಳೋಕೆ. ಬೋರ್ಡಲ್ಲಿರೋದನ್ನ ಜವಾನ ಓದಿ ಹೇಳಿದ. ಮಗನ ಹೆಸರು ನಾಲ್ಕನೇದು. ನಿನ್ನೆ ಎಲ್ಲರೂ ನಕ್ಕಿದ್ದು ಇವನಿಗೇ ಅಂತ ಅದನ್ನೂ ಹೇಳಿದ. ಮನೆಗೆ ಬಂದವರು ನಲ್ಲಿ ಹತ್ರ ಕೈ ತೊಳೀತಾನೇ ನಿಂತಿದ್ದರು. ನಾನೇ ಹೋಗಿ ನಲ್ಲಿ ನಿಲ್ಲಿಸಿದೆ. ಅವನಾಗಿ ಹೇಳೋವರೆಗೂ ಕೇಳೋದು ಬೇಡ ಅಂದರು. ಆಮೇಲೆ ಗೇಟ್ ಕಾಯೋ ಕೆಲಸಕ್ಕೆ ಹಾಕಿ ಅಂತ ಆರು ಸಲ ಅರ್ಜಿ ಕೊಟ್ಟರು. ಮುಂದಿನ ವರ್ಷ ಮಗ ಅಪ್ಪನ ಕೆಲಸ ಏನು ಅನ್ನೋ ಕಡೆ ಧೈರ್ಯವಾಗಿ ಬರ್ಕೊಳ್ಳಲಿ ಅಂತ. ಹೆಣ ತೊಳೆಯೋಕೆ ಬೇರೆ ಯಾರೂ ಸಿಗಲ್ಲ ಅಂತ ಆರೂ ಸಲ ವಾಪಸ್ ಕಳಿಸಿದರು."

ಹೊರಗೆ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು.

"ಕೊನೆಗೆ ಅವರನ್ನೂ ಅಲ್ಲೇ ತೊಳೆದರು," ಎಂದಳು ಅಮ್ಮ. "ಇದನ್ನ ಮಗನಿಗೆ ಹೇಳೋದು ನನ್ನ ಕೆಲಸ. ಒಂಬತ್ತು ವರ್ಷ ಆದರೂ ಬಾಯಿ ಬಂದಿಲ್ಲ. ನೀನು ಹೇಳಬೇಡ. ಬರೀಬೇಡ."

"ಇಲ್ಲ ಅಮ್ಮಾ."

ಬೀದಿಯ ತಿರುವಿನಲ್ಲಿ, ಬಸ್ ಸ್ಟಾಪಿನ ಹತ್ತಿರ ಅವನು ಎದುರಾದ. ಕೆಲಸ ಮುಗಿಸಿ ಬರುತ್ತಿದ್ದ. ಅವಳ ಊದಿದ ಕಣ್ಣು ನೋಡಿ ನಿಂತ.

"ಮನೆಗೆ ಹೋಗಿದ್ರಾ? ಅಮ್ಮ ಏನಂದ್ರು?"

"ಅಮ್ಮನ್ನೇ ಕೇಳು."

"ನಿಮ್ಮನ್ನ ಕೇಳ್ತಿದ್ದೀನಿ."

"ನಾನು ಹೇಳಲ್ಲ."

"ನನ್ನ ಮಾತನ್ನ ಹಾಲು ತುಂಬಿದ ಜನಕ್ಕೆ ಹೇಳಿದ್ರಿ. ನಮ್ಮಮ್ಮನ ಮಾತನ್ನ ನನಗೆ ಹೇಳೋಕಾಗಲ್ವಾ?"

"ಆಗಲ್ಲ. ನೀನು ಎಷ್ಟು ಬೈದರೂ ಹೇಳಲ್ಲ. ಅದು ಅವರದು."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಕೋಪ ಇತ್ತು, ಹುಡುಕಾಟವೂ ಇತ್ತು. ಆಮೇಲೆ ಮನೆಯ ಕಡೆ ಬಿರಬಿರನೆ ಹೋದ.

ಅವಳ ಬಸ್ಸು ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಬಿಸಿಲು ಎದುರಿನ ಗೋಡೆ ಹತ್ತಿ ಮಾಯವಾಯಿತು. ನಾಲ್ಕನೆಯ ಬಸ್ಸು ಹೋದ ಮೇಲೆ ಅವನು ಬಂದು ಬೆಂಚಿನ ಮೇಲೆ, ಅವಳಿಂದ ಒಂದು ಮೊಳ ದೂರದಲ್ಲಿ, ನಡುವೆ ತನ್ನ ಚೀಲ ಇಟ್ಟು ಕೂತ. ಕಣ್ಣುಗಳು ಕೆಂಡದಂತಿದ್ದವು.

"ಆರು ಸಲ," ಎಂದ.

"ಹೂಂ."

"ನಾನು ಒಂದು ಸಲ ಹೇಳಿದ್ದರೆ ಸಾಕಿತ್ತು."

ಅವಳಿಗೆ ಸಮಾಧಾನದ ಮಾತುಗಳು ಬಹಳ ಬರುತ್ತಿದ್ದವು. ಒಂದನ್ನೂ ಆಡಲಿಲ್ಲ. ಅವನು ಮುಂಗೈಯಲ್ಲಿ ಮುಖ ಒರೆಸಿಕೊಂಡ.

"ಅಧ್ಯಾಯ ವಾಪಸ್ ತಗೊಂಡೆಯಂತೆ. ಗೈಡ್ ಅಂಗಡಿಗೆ ಬಂದಿದ್ದಾಗ ಯಾರಿಗೋ ಹೇಳ್ತಿದ್ದರು."

"ಹೂಂ."

"ಒಂದು ವರ್ಷ ಹೋಯ್ತು."

"ಹೋಗಲಿ."

"ಮತ್ತೆ ಬರಿ. ಅಮ್ಮನ್ನ ಕೇಳಿ ಬರಿ. ಆ ಮೇಜಿನ ಹಿಂದೆ ಇದ್ದವನು ಏನಂದ ಅಂತ ಬರಿ, ಅರ್ಜಿ ಯಾಕೆ ವಾಪಸ್ ಬಂತು ಅಂತ ಬರಿ. ಆ ದೊಡ್ಡ ಮಾತು ಮಾತ್ರ ಬೇಡ. ನಾನಾಗಿ ಹೊರಗುಳಿಯಲಿಲ್ಲ."

"ಗೊತ್ತು. ಈಗ ಗೊತ್ತು."

ದೀಪಗಳು ಒಂದೊಂದಾಗಿ ಹತ್ತಿದವು.

"ನಿನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ," ಎಂದ ಅವನು. "ಯಾವಾಗ ಹೋಗುತ್ತೆ ಅಂತಲೂ ಗೊತ್ತಿಲ್ಲ. ಬಿಟ್ಟುಬಿಡೋಣ ಅಂತ ಎರಡು ವಾರ ನೋಡಿದೆ. ಅದೂ ಆಗಲಿಲ್ಲ."

"ನನಗೂ," ಎಂದಳು.

ಅವನು ಹತ್ತಿರ ಸರಿಯಲಿಲ್ಲ. ಆದರೆ ನಡುವೆ ಇಟ್ಟಿದ್ದ ಚೀಲವನ್ನು ಎತ್ತಿ ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡ.

ಬೀದಿಯ ತಿರುವಿನಲ್ಲಿ ಅಮ್ಮ ಕಾಣಿಸಿಕೊಂಡಳು. ಅಲ್ಲಿಂದಲೇ, ಇಬ್ಬರೂ ತನ್ನ ಮಕ್ಕಳೇ ಎಂಬಂತೆ ರೇಗಿ ಕರೆದಳು.

"ಊಟ ಆರಿಹೋಗ್ತಿದೆ. ಇನ್ನೆಷ್ಟು ಹೊತ್ತು ಅಲ್ಲೇ ಕೂತಿರ್ತೀರಿ, ಏಳಿ."

ಅವನು ಎದ್ದ. ಅವಳು ಏಳುವವರೆಗೂ ನಿಂತಿದ್ದು, ಆಮೇಲೆ ನಡೆದ.