ಅಳಿಸಿದ ಶುಕ್ರವಾರಗಳು

ಮೊದಲ ದಿನ ಅವನು ನನ್ನನ್ನು ಹೆಡ್ಡಾಫೀಸಿನಿಂದ ತಪ್ಪು ಹುಡುಕಲು ಬಂದವಳೆಂದೇ ತಿಳಿದ. ಆ ಸಣ್ಣ ಊರಿನ ವಿಮಾನ ನಿಲ್ದಾಣದಲ್ಲಿ ಅವನ ಚೆಕ್-ಇನ್ ಕೌಂಟರಿನ ಪಕ್ಕ ನಿಂತು ನಾನು ಪ್ರಯಾಣಿಕರನ್ನು ಎಣಿಸುತ್ತಿದ್ದರೆ, ಅವನು ಟೈ ಸರಿಮಾಡಿಕೊಂಡ, ಕುರ್ಚಿ ತಂದಿಟ್ಟ, ಕೇಳದೆಯೇ ಟೀ ತರಿಸಿದ. ಬರೀ ಅರ್ಥಶಾಸ್ತ್ರದ ವಿದ್ಯಾರ್ಥಿನಿ ಎಂದು ಗೊತ್ತಾದಾಗ ಮುಖ ಸಪ್ಪಗಾಯಿತು. ಪುಣ್ಯಕ್ಕೆ ಟೀ ವಾಪಸ್ ಕೇಳಲಿಲ್ಲ.

"ನಮ್ಮ ನಲವತ್ತು ಸೀಟಿನ ವಿಮಾನದಲ್ಲಿ ಓದೋಕೆ ಏನಿದೆ?" ಎಂದ.

ಇತ್ತು. ಸೋಮವಾರ ಮತ್ತು ಶುಕ್ರವಾರ ಮಾತ್ರ ಬೆಳಿಗ್ಗೆ ನಗರದಿಂದ ಬಂದು ಸಂಜೆ ವಾಪಸ್ ಹೊರಡುವ ವಿಮಾನ ಅದು. ಅದನ್ನು ನಡೆಸಬೇಕೋ ನಿಲ್ಲಿಸಬೇಕೋ ಎಂದು ಕಂಪನಿ ನಮ್ಮ ವಿಭಾಗವನ್ನು ಕೇಳಿತ್ತು. ಆರು ತಿಂಗಳು ಎಣಿಸಬೇಕು. ಸರಾಸರಿ ಇಪ್ಪತ್ತನಾಲ್ಕು ಜನರಿಗಿಂತ ಕಡಿಮೆಯಾದರೆ ಬಂದ್. ಆ ಎಣಿಕೆಯೇ ನನ್ನ ಪ್ರಬಂಧ. ಶುಕ್ರವಾರ ನಾನೂ ನಗರದಿಂದ ಆ ವಿಮಾನದಲ್ಲೇ ಬಂದು ಸಂಜೆ ಮರಳುತ್ತಿದ್ದೆ.

ಅವನ ಅಮ್ಮ ಸೋಮವಾರ ಅದರಲ್ಲೇ ನಗರಕ್ಕೆ ಹೋಗಿ, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ, ಶುಕ್ರವಾರ ನನ್ನ ಪಕ್ಕದ ಸೀಟಿನಲ್ಲಿ ವಾಪಸ್ ಬರುತ್ತಿದ್ದರು. ಬಸ್ಸಿನಲ್ಲಾದರೆ ಒಂಬತ್ತು ಗಂಟೆ. ಅಷ್ಟು ಹೊತ್ತು ಕೂರುವ ಶಕ್ತಿ ಅವರಿಗಿರಲಿಲ್ಲ.

ಪ್ರಯಾಣಿಕರಿಂದ ಫಾರಂ ತುಂಬಿಸುವ ಕೆಲಸ ನಾಲ್ಕೇ ಶುಕ್ರವಾರಗಳಲ್ಲಿ ಮುಗಿಯಿತು. ತಲೆ ಎಣಿಸಿ ಫೋನಿನಲ್ಲಿ ಹೇಳಲು ಅವನಿದ್ದ. ಆದರೂ ಐದನೆಯ ವಾರ ಹೋದೆ, ಆರನೆಯ ವಾರವೂ ಹೋದೆ. ಬೋರ್ಡಿಂಗ್ ಪಾಸ್ ಕೊಡುವಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ಪಾಸನ್ನು ಮಾತ್ರ ಬೇಗ ಬಿಡುತ್ತಿರಲಿಲ್ಲ. ನಾನೂ ಎಳೆದುಕೊಳ್ಳುತ್ತಿರಲಿಲ್ಲ. ಹಿಂದಿನವರು ಕೆಮ್ಮಿದಾಗ ಅವನ ಕಿವಿ ಕೆಂಪಾಗುವುದನ್ನು ನೋಡಲೆಂದೇ ಮುಂದಿನ ಶುಕ್ರವಾರಕ್ಕೆ ಕಾಯುತ್ತಿದ್ದೆ. ಹೀಗೆ ಇಪ್ಪತ್ತಾರು ವಾರ. ಬಾಯಿಬಿಟ್ಟು ಇಬ್ಬರೂ ಏನೂ ಹೇಳಲಿಲ್ಲ.

ಕೊನೆಗೆ ಸರಾಸರಿ ಇಪ್ಪತ್ತನಾಲ್ಕು ಪಾಯಿಂಟ್ ಎರಡು ಬಂತು. ನನ್ನ ಗೈಡ್ ಪಟ್ಟಿಯಲ್ಲಿ ನನ್ನ ಹೆಸರನ್ನೂ ನೋಡಿದರು. ಅಧ್ಯಯನಕ್ಕಾಗಿ ಮಾಡಿದ ಪ್ರಯಾಣ ಬೇಡಿಕೆಯಲ್ಲ, ಅಂಥವನ್ನು ಅಳಿಸು ಎಂದರು. ಎಷ್ಟಿವೆ ಎಂದೂ ಕೇಳಿದರು.

"ಎಲ್ಲವೂ" ಎಂದುಬಿಟ್ಟೆ. ನಾಲ್ಕು ಎಂದರೆ, ಉಳಿದ ಇಪ್ಪತ್ತೆರಡು ಸಲ ಯಾಕೆ ಹೋದೆ ಎಂದು ಕೇಳುತ್ತಿದ್ದರು. ಸರಾಸರಿ ಇಪ್ಪತ್ಮೂರು ಪಾಯಿಂಟ್ ಏಳಕ್ಕೆ ಇಳಿದದ್ದನ್ನು ಕಣ್ಣಾರೆ ಕಂಡೆ. ನಾಲ್ಕನ್ನಷ್ಟೇ ಅಳಿಸಿದ್ದರೆ ಇಪ್ಪತ್ತನಾಲ್ಕರ ಮೇಲೇ ಉಳಿಯುತ್ತಿತ್ತು. ಬಾಯಿ ತೆರೆಯಲು ಆಗಲೂ ಸಮಯವಿತ್ತು. ನಾಚಿಕೆ ದೊಡ್ಡದಾಯಿತು, ತೆರೆಯಲಿಲ್ಲ.

ಎರಡು ತಿಂಗಳಲ್ಲಿ ವಿಮಾನ ನಿಲ್ಲಿಸುವ ಆದೇಶ ಬಂತು. ಅವನ ಕೆಲಸ ಹೋಯಿತು. ಅಮ್ಮನನ್ನು ಕರೆದುಕೊಂಡು, ದೇಶದ ಇನ್ನೊಂದು ತುದಿಯಲ್ಲಿರುವ ಅಕ್ಕನ ಊರಿಗೆ ಹೋಗುತ್ತೇನೆ, ಅಲ್ಲಿ ಆಸ್ಪತ್ರೆ ಹತ್ತಿರ ಎಂದು ಫೋನಿನಲ್ಲಿ ಹೇಳಿದ.

ಕೊನೆಯ ಶುಕ್ರವಾರ ಕೌಂಟರಿನ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವನು ಸ್ಟೇಪ್ಲರನ್ನು ಡಬ್ಬಿಗೆ ಹಾಕುತ್ತಿದ್ದ, ಕೈ ನಿಂತಿತು.

"ಮೊದಲ ನಾಲ್ಕು ತೆಗೆದಿದ್ದು ಸರಿ," ಎಂದ. "ಉಳಿದದ್ದು ನಿಜವಾದ ಪ್ರಯಾಣ ಅಲ್ವಾ? ನೀನು ಬಂದಿದ್ದು ನನಗೋಸ್ಕರ ತಾನೆ?"

"ಹೌದು. ನಿನಗೋಸ್ಕರಾನೇ. ನಿನ್ನನ್ನ ಪ್ರೀತಿಸ್ತೀನಿ ಅಂತ ಅವರ ಮುಂದೆ ಹೇಳೋಕಾಗಲಿಲ್ಲ."

"ನನ್ನ ಹತ್ರಾನೂ ಹೇಳಿರಲಿಲ್ಲ." ಗದರಲಿಲ್ಲ. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. "ನಾನೂ ಹೇಳಿರಲಿಲ್ಲ ಬಿಡು. ನಾನೂ ಪ್ರೀತಿಸಿದೆ. ಆದ್ರೆ ಅಮ್ಮನ ಮುಖ ನೋಡಿದಾಗೆಲ್ಲ ಇದು ನೆನಪಾಗುತ್ತೆ. ನಿನ್ನ ಜೊತೆ ಇರೋಕೆ ಆಗಲ್ಲ."

ಹಿಂದೆ ಉದ್ದನೆಯ ಸಾಲಿತ್ತು. ಕೊನೆಯ ವಿಮಾನವೆಂದು ಊರಿಗೆ ಊರೇ ಟಿಕೆಟ್ ತೆಗೆದುಕೊಂಡಿತ್ತು. ಅವನು ನನ್ನ ಪಾಸ್ ಚಾಚಿದ. ಹಿಂದಿನಂತೆಯೇ ಬೇಗ ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ. ಈ ಸಲ ಯಾರೂ ಕೆಮ್ಮಲಿಲ್ಲ. ಕೊನೆಗೆ ಅವನೇ ಕೈಬಿಟ್ಟು, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿದ.

ಅಂದು ನಲವತ್ತು ಸೀಟೂ ತುಂಬಿದ್ದವು.