ಮೂರನೆಯ ಆಂಪ್ಲಿಫೈಯರಿನ ಮುನ್ನಾದ

ಸತ್ತು ನಲವತ್ತು ವರ್ಷವಾಗಿದ್ದ ಆಂಪ್ಲಿಫೈಯರೊಂದು ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ ಸೊಗಸಾಗಿ ಹಾಡುತ್ತಿತ್ತು. ಅದರ ವಿದ್ಯುತ್ ತಂತಿಯನ್ನು ಇಲಿಗಳು ಎಂದೋ ತಿಂದು ಮುಗಿಸಿದ್ದವು. ಹಳೇ ಕಾಲದ ಗಾಜಿನ ವಾಲ್ವ್‌ಗಳಿರಬೇಕಾದ ಕುಳಿಗಳಲ್ಲಿ ಜೇಡಗಳು ಸಂಸಾರ ಹೂಡಿದ್ದವು. ನಿಜಕ್ಕೂ ಹಾಡುತ್ತಿದ್ದದ್ದು ಅದರ ತಲೆಯ ಮೇಲೆ ಕುಳಿತಿದ್ದ, ತಂಬಿಗೆಯಷ್ಟು ದೊಡ್ಡ ಮುನ್ನಾದ ಯಂತ್ರ.

ಮುನ್ನಾದವೆಂದರೆ ಮುಂದೆ ಹೊರಡಲಿರುವ ನಾದ. ಕೆಟ್ಟ ಉಪಕರಣದ ಮೇಲೆ ಇಟ್ಟರೆ ಈ ಯಂತ್ರ ಅದರ ಪ್ರತಿಯೊಂದು ಭಾಗಕ್ಕೂ ಸೂಕ್ಷ್ಮವಾದ ಮಿಡಿತಗಳನ್ನು ಕಳಿಸಿ, ತಿರುಗಿ ಬಂದ ಸದ್ದಿನಿಂದ ಯಾವುದು ಬದುಕಿದೆ, ಯಾವುದು ಕೊಳೆತಿದೆ ಎಂದು ತಿಳಿಯುತ್ತಿತ್ತು. ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆಂದು ಹೇಳುತ್ತಿತ್ತು. ಆಮೇಲೆ ಮರ, ತಗಡು, ಸ್ಪೀಕರಿನ ಕಾಗದ ಎಲ್ಲವನ್ನೂ ಲೆಕ್ಕದಲ್ಲಿಯೇ ಆ ದಿನದವರೆಗೆ ಮುದಿಯಾಗಿಸಿ, ಅಂದು ಹೊರಡುವ ಸದ್ದನ್ನು ಇಂದೇ ಕೇಳಿಸುತ್ತಿತ್ತು. ವಾದ್ಯದ ಸಾಮಾನಾದರೆ ನುಡಿಸುವವರು ಒಂದು ನಿಮಿಷ ನುಡಿಸಿ ಮಾದರಿ ಕೊಡಬೇಕು. ಇದನ್ನು ಕಂಡುಹಿಡಿದ ಡಾಕ್ಟರ್ ಋತ್ವಿಜ ಇಟಗಿಗೆ ಅಣೆಕಟ್ಟಿನ ಟರ್ಬೈನುಗಳನ್ನು ಪರೀಕ್ಷಿಸುವ ಆಸೆಯಿತ್ತು. ಸರ್ಕಾರ, ಮೊದಲು ಸಣ್ಣ ಸಾಮಾನುಗಳ ಮೇಲೆ ಪ್ರಯೋಗ ಮಾಡಿ ತೋರಿಸು ಎಂದಿತ್ತು. ಹಾಗಾಗಿ ವಿಜ್ಞಾನಿ ಗುಜರಿಗೆ ಬಂದು ಬಿದ್ದಿದ್ದ.

"ಇದು ಮೂರು ವಾರದ ಕೆಲಸ," ಎಂದ ಇಟಗಿ. "ಹೆಂಗದರೀ ಅಕ್ಕಾರ?"

"ಛಲೋ ಐತಿ. ಬ್ಯಾಂಕಿನ ಮ್ಯಾನೇಜರ್ ಮಾತಾಡಿದಂಗ ಐತಿ," ಎಂದಳು ಸೌಜನ್ಯಾ ಪತ್ತಾರ.

ಐವತ್ತೊಂಬತ್ತು ವರ್ಷದ ಈ ಹೆಂಗಸಿನ ಹೆಸರಿಗೂ ಬಾಯಿಗೂ ಯಾವತ್ತೂ ಹೊಂದಿಕೆಯಾಗಿರಲಿಲ್ಲ. ಮೂವತ್ತು ವರ್ಷ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ನಡೆಸಿದ್ದಳು. ಸಂಜೆಯಾದರೆ ಐವರು ಹೆಂಗಸರ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಈಚೆಗೆ ಅದರಲ್ಲಿ ಸುಖವಿರಲಿಲ್ಲ. ೨೦೬೪ನೇ ಇಸವಿಯ ಹೊತ್ತಿಗೆ ಜಗತ್ತಿನಲ್ಲಿ ದೊಡ್ಡ ಸ್ಪೀಕರುಗಳೇ ಉಳಿದಿರಲಿಲ್ಲ. ಗೋಡೆಗೆ ಬಿಂದಿಯಂತೆ ಅಂಟಿಸುವ ಧ್ವನಿಬಿಲ್ಲೆಗಳು ಬಂದಿದ್ದವು. ಅವು ಪ್ರತಿಯೊಬ್ಬರ ಕಿವಿಗೂ ಬೇಕಾದಷ್ಟೇ ಸದ್ದನ್ನು ಗುರಿಯಿಟ್ಟು ಮುಟ್ಟಿಸುತ್ತಿದ್ದವು. ನಡುವಿನ ಗಾಳಿ ಅಲುಗುತ್ತಿರಲಿಲ್ಲ. ಪಕ್ಕದ ಮನೆಯವರಿಗೆ ತೊಂದರೆಯಿಲ್ಲ, ಕಿವಿಗೆ ಅಪಾಯವಿಲ್ಲ. ಸೌಜನ್ಯಾಳ ಮಾತಿನಲ್ಲಿ ಹೇಳುವುದಾದರೆ, ಹಸಿವೆ ಇಲ್ಲದವರಿಗೆ ಗುಳಿಗೆಯಲ್ಲಿ ಊಟ ಕೊಟ್ಟ ಹಾಗೆ. ಹದಿನೆಂಟನೇ ವಯಸ್ಸಿನಲ್ಲಿ ಆಕೆ ಗದಗಿನ ಮದುವೆಯೊಂದರಲ್ಲಿ ಹಳೆಯ ವಾಲ್ವ್ ಆಂಪ್ಲಿಫೈಯರಿನ ಎದುರು ನಿಂತಿದ್ದಳು; ಅದರ ಸದ್ದು ಎದೆಗೆ ಬಡಿದದ್ದನ್ನು ಇನ್ನೂ ಮರೆತಿರಲಿಲ್ಲ. ಆರ್ಕೆಸ್ಟ್ರಾಕ್ಕೆ ನಲವತ್ತು ವರ್ಷ ತುಂಬುವ ಕಾರ್ಯಕ್ರಮ ಇನ್ನೆರಡು ವರ್ಷಕ್ಕಿತ್ತು. ಅಷ್ಟರೊಳಗೆ ಅಂಥದೊಂದನ್ನು ಎಬ್ಬಿಸಿ ನಿಲ್ಲಿಸಬೇಕೆಂದು ಹಟ ಹಿಡಿದಿದ್ದಳು.

ಗುಜರಿಯ ಜಾಫರ್ ಮಕಾನದಾರನ ಬಳಿ ಅಂಥವು ಮೂರು ಇದ್ದವು. ಆದರೆ ಊರೆಲ್ಲ ಹುಡುಕಿದರೂ ಜೋಡಿ ಕೂಡುವ ದೊಡ್ಡ ವಾಲ್ವ್‌ಗಳು ನಾಲ್ಕೇ ನಾಲ್ಕು; ಒಂದು ಆಂಪ್ಲಿಫೈಯರಿಗೆ ಸಾಕಾಗುವಷ್ಟು. ಉಳಿದೆರಡನ್ನು ತಿಂಗಳ ಕೊನೆಗೆ ಕರಗಿಸಲು ಕಳಿಸುತ್ತೇನೆಂದು ಜಾಫರ್ ಹೇಳಿಬಿಟ್ಟಿದ್ದ. ಒಮ್ಮೆ ಆರಿಸಿದರೆ ಮುಗಿಯಿತು.

ಮೂರಕ್ಕೂ ಸೌಜನ್ಯಾ ತನ್ನ ಗಿಟಾರಿನಲ್ಲಿ ಒಂದೇ ಮಾದರಿ ನುಡಿಸಿ ಕೊಟ್ಟಿದ್ದಳು. ಮೊದಲನೆಯದು, ಈಗ ಹಾಡಿದ ಮೂರು ವಾರದ್ದು, ವಿಲಾಯಿತಿ ಮಾಲು, ಕಪ್ಪು ಚರ್ಮದ ಹೊದಿಕೆ, ನೋಡಲು ಠೀವಿ. ಎರಡನೆಯದನ್ನು ಪುಣೆಯ ಯಾರೋ ಮೆಕ್ಯಾನಿಕ್ ಕೈಯಾರೆ ಕಟ್ಟಿದ್ದ. ನಾಲ್ಕು ತಿಂಗಳ ಕೆಲಸ. ಅದರ ಮುನ್ನಾದ ಕೇಳಿ ಸೌಜನ್ಯಾ ತಲೆಯಾಡಿಸಿದಳು, ಅಷ್ಟೇ. ಮೂರನೆಯದರ ಮೇಲೆ ಜಾಫರ್ ಇಪ್ಪತ್ತು ವರ್ಷದಿಂದ ಉಳ್ಳಾಗಡ್ಡಿ ಚೀಲ ಇಡುತ್ತಿದ್ದ. ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು, ಪೆಟ್ಟಿಗೆಯ ಮರವನ್ನು ಗೆದ್ದಲು ಅರ್ಧ ತಿಂದಿತ್ತು. ಎಲ್ಲವನ್ನೂ ಹೊಸದಾಗಿ ಸುತ್ತಿ, ಕೆತ್ತಿ, ಬೆಸೆಯಲು ಎರಡು ವರ್ಷ ಎಂದಿತು ಯಂತ್ರ.

ಅದರ ಮುನ್ನಾದ ಹೊರಟ ಕೂಡಲೇ ಸೌಜನ್ಯಾ ಕುಳಿತಿದ್ದ ಸ್ಟೂಲಿನಿಂದ ಎದ್ದು ನಿಂತಳು.

"ಇದ," ಎಂದಳು. "ಇದ ನೋಡ್ರಿ."

ಇಟಗಿಗೆ ಮೂರರಲ್ಲಿ ಏನೂ ವ್ಯತ್ಯಾಸ ತಿಳಿಯಲಿಲ್ಲ. "ಮೂರೂ ಗುಂ ಅಂತಾವಲ್ರಿ," ಎಂದ.

"ನಿಮ್ಮ ಡಬ್ಬಿಯೊಳಗೂ ಆ ಬಿಲ್ಲೇನ ಐತಿ, ನಿಮಗ ಹೆಂಗ ಗೊತ್ತಾಗಬೇಕು. ನಾ ಮುಂದ ನಿಂತು ಕೇಳಿದಾಕಿ. ಇದು ಕಿವಿಗೆ ಹಿಂಗ ಬಂದರ ಎದಿಗೆ ಹೆಂಗ ಬಡೀತೈತಿ ಅಂತ ನನಗ ಗೊತ್ತೈತಿ."

ಆದರೆ ಅಷ್ಟರಲ್ಲಿ ಅವಳ ಮುಖ ಗಂಟಿಕ್ಕಿತು. ಅಲ್ಲೊಂದು ಇಲ್ಲೊಂದು ಸ್ವರ ಒದ್ದೆ ಗೋಣಿಚೀಲ ಬಿದ್ದಂತೆ ದಪ್ ಎನ್ನುತ್ತಿತ್ತು. ಮತ್ತೆ ಕೇಳಿದರು. ಮತ್ತೆ ಅದೇ ಸ್ವರಗಳು, ಅದೇ ದಪ್.

"ನಿಮ್ಮ ಯಂತ್ರಕ್ಕ ನುಡಿಸಾಕ ಬರಂಗಿಲ್ರಿ. ನಾ ಹಂಗ ನುಡಿಸಿಲ್ಲ."

ಇಟಗಿಗೆ ಸಿಟ್ಟು ಬಂತು. ಯಂತ್ರವನ್ನು ಬಿಚ್ಚಿ ನೋಡಿದ, ಮುಚ್ಚಿದ, ಸರಿಯಾಗಿಯೇ ಇತ್ತು. ಪರೀಕ್ಷೆಗೆಂದು ಜಾಫರನ ಕೈಗೆ ಗಿಟಾರ್ ಕೊಟ್ಟ. ಜಾಫರ್ ಕೋಳಿ ಅಟ್ಟುವವನಂತೆ ಒಂದು ನಿಮಿಷ ತಂತಿಗಳನ್ನು ಬಡಿದ. ಅದರ ಮುನ್ನಾದವೂ ಹಾಗೆಯೇ ಬಂತು, ಮೊದಲಿನಿಂದ ಕೊನೆಯವರೆಗೂ ಒಂದೇ ಸಮನಾದ ಗಲಾಟೆ. ಎಲ್ಲಿಯೂ ದಪ್ ಎನ್ನಲಿಲ್ಲ.

ಸೌಜನ್ಯಾ ತನ್ನ ಎಡಗೈಯನ್ನು ನೋಡಿಕೊಂಡಳು. ದಪ್ ಎಂದ ಸ್ವರಗಳೆಲ್ಲವನ್ನೂ ಆಕೆ ಒತ್ತಿದ್ದು ಕಿರುಬೆರಳಿನಿಂದ.

"ಎರಡನೇದ್ದು ಮತ್ತೊಮ್ಮೆ ಹಚ್ಚರಿ," ಎಂದಳು. ನಾಲ್ಕು ತಿಂಗಳ ಮುನ್ನಾದದಲ್ಲಿ ಕಿವಿಗೊಟ್ಟು ಕೇಳಿದರೆ ಅದೇ ಜಾಗಗಳಲ್ಲಿ ಸ್ವರ ಒಂಚೂರು ಮಂಕಾಗಿತ್ತು. ಮೂರು ವಾರದ್ದರಲ್ಲಿ ಏನೂ ಇರಲಿಲ್ಲ.

ಇಟಗಿ ನೆಲ ನೋಡತೊಡಗಿದ. ಅವನಿಗೆ ಈಗ ಅರ್ಥವಾಗಿತ್ತು. ಯಂತ್ರ ತನಗೆ ಕೇಳಿಸಿದ್ದನ್ನೆಲ್ಲ ಮುದಿಯಾಗಿಸುತ್ತದೆ. ಮರ, ತಗಡು, ಕಾಗದದ ಜೊತೆಗೆ ತಂತಿಯ ಮೇಲಿದ್ದ ಬೆರಳಿನ ಅತಿಸೂಕ್ಷ್ಮ ನಡುಕವನ್ನೂ ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಬೆರಳನ್ನು ಬಿಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

"ಅಕ್ಕಾರ, ನಿಮ್ಮ ಬೆರಳಿಗೆ ಏನರ ತ್ರಾಸ ಅದ ಏನ್ರಿ?"

"ಏನೂ ಇಲ್ಲ." ಕಿರುಬೆರಳನ್ನು ಮಡಿಸಿ ಬಿಡಿಸಿ ಕೇಳಿದಳು, "ಎರಡು ವರ್ಷಕ್ಕ ಪೂರ್ತಿ ಹೋಗತೈತೇನು?"

"ಯಂತ್ರ ಹಂಗ ಅನ್ನಾಕತ್ತದ. ತಪ್ಪೂ ಇರಬಹುದು."

"ಮೂರು ವಾರದ್ದರಾಗ ಏನೂ ಇರಲಿಲ್ಲಲ್ಲ, ಈಗಿನ್ನ ಸರಿ ಐತಿ," ಎಂದಳು ಸೌಜನ್ಯಾ. ಗಿಟಾರನ್ನು ಚೀಲಕ್ಕೆ ಹಾಕುವಾಗ ಅದರ ಜಿಪ್ ಎಳೆಯಲು ಎರಡು ಸಲ ಪ್ರಯತ್ನಿಸಬೇಕಾಯಿತು. ಅದು ಬೆರಳಿನ ತಪ್ಪೋ ಹೆದರಿಕೆಯೋ ಅವಳಿಗೆ ತಿಳಿಯಲಿಲ್ಲ.

ಮೂರು ದಿನ ಯಾರಿಗೂ ಹೇಳದೆ, ಸಿಕ್ಕಿದವರ ಮೇಲೆಲ್ಲ ಹರಿಹಾಯ್ದು, ನಾಲ್ಕನೆಯ ದಿನ ನರಗಳ ವೈದ್ಯೆಯ ಮುಂದೆ ಕುಳಿತಳು. ವೈದ್ಯೆ ತಂತಿ ಹಚ್ಚಿ ಪರೀಕ್ಷಿಸಿ ಬೆರಗಾದರು. ಮೂವತ್ತು ವರ್ಷ ವೈಂಡಿಂಗ್ ಮೇಜಿನ ಅಂಚಿಗೆ ಎಡ ಮೊಳಕೈ ಊರಿ ಕುಳಿತದ್ದರಿಂದ ಅಲ್ಲಿಯ ನರ ಜಜ್ಜಿಹೋಗಲು ಶುರುವಾಗಿತ್ತು. ಈಗಲೇ ಸಣ್ಣ ಶಸ್ತ್ರಚಿಕಿತ್ಸೆ ಮಾಡಿದರೆ ಉಳಿಯುತ್ತದೆ. ಬೆರಳು ಸೋತ ಮೇಲೆ ಬಂದಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ.

"ಇಷ್ಟು ಮುಂಚೆ ಯಾರೂ ಬರಂಗಿಲ್ರಿ. ಬ್ಯಾನಿ ಇಲ್ಲ, ಜೋಮು ಇಲ್ಲ. ನಿಮಗ ಯಾರು ಹೇಳಿದ್ರು?"

"ಗುಜರಿ ಅಂಗಡ್ಯಾಗ ಹೇಳಿದ್ರು."

ಈ ಉತ್ತರ ಆಸ್ಪತ್ರೆಯಿಂದ ಹೊರಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಸೌಜನ್ಯಾ ತಿಂಗಳ ಕೊನೆಗೆ ಮತ್ತೆ ಗುಜರಿಗೆ ಬಂದಾಗ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಬಡಿಗರು, ದರ್ಜಿಗಳು, ಇಬ್ಬರು ದಂತವೈದ್ಯರು, ರೊಟ್ಟಿ ಬಡಿಯುವ ಹೆಂಗಸರ ಒಂದು ದೊಡ್ಡ ಗುಂಪು ಸಾಲು ಹಚ್ಚಿ ನಿಂತಿತ್ತು. ಯಂತ್ರ ಮೂರನೆಯ ಆಂಪ್ಲಿಫೈಯರಿನ ಮೇಲೆಯೇ ಇತ್ತು; ಪ್ರತಿಯೊಬ್ಬರೂ ಗಿಟಾರಿನ ತಂತಿ ಮೀಟಿ ತಮ್ಮ ಎರಡು ವರ್ಷದ ಮುಂದಿನ ಕೈಯನ್ನು ಕೇಳಿಕೊಂಡು ಹೋಗುತ್ತಿದ್ದರು. ಜಾಫರ್ ನೆರಳಿಗೆ ತಾಡಪತ್ರಿ ಕಟ್ಟಿ, ಕೂಡಲು ಹಳೆಯ ಬಸ್ಸಿನ ಸೀಟುಗಳನ್ನು ಜೋಡಿಸಿದ್ದ. ಕನ್ಯಾಪಿತೃವೊಬ್ಬ ಭಾವೀ ಅಳಿಯನನ್ನು ತೋಳು ಹಿಡಿದು ಕರೆತಂದಿದ್ದ. ಇಟಗಿಯ ಗಡ್ಡ ಬೆಳೆದಿತ್ತು. ಆರೋಗ್ಯ ಇಲಾಖೆಯವರು ನೀವು ಡಾಕ್ಟರರೇ ಎಂದು ಪತ್ರ ಬರೆದು ಕೇಳಿದ್ದರು. ಹೌದು, ಭೌತಶಾಸ್ತ್ರದಲ್ಲಿ ಎಂದು ಅವನು ಉತ್ತರ ಬರೆದಿದ್ದ. ಟರ್ಬೈನಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ನೀವ ಹಚ್ಚಿದ ಬೆಂಕಿ ಇದು," ಎಂದ ಸೌಜನ್ಯಾಳನ್ನು ಕಂಡು. ಆದರೂ ಎದ್ದು ಬಂದು ಅವಳ ಕೈ ನೋಡಿದ. "ಅಕ್ಕಾರ, ಮೊದಲನೇದ್ದ ತಗೋರಿ. ಮೂರು ವಾರದಾಗ ಮುಗೀತದ. ಮೂರನೇದ್ದಕ್ಕ ಎರಡು ವರ್ಷ ತಂತಿ ಸುತ್ತಬೇಕು. ಕೈ ಇನ್ನ ಹಸಿ ಅದ."

"ಮೊಳಕೈ ಊರದ ಸುತ್ತತೇನಿ. ಮೂರನೇದ್ದು ಕೇಳಿದ ಮ್ಯಾಲ ಆ ಬ್ಯಾಂಕ್ ಮ್ಯಾನೇಜರ್ ಜೋಡಿ ಸಂಸಾರ ಮಾಡಾಕ ಆಗಂಗಿಲ್ರಿ."

"ಹಂಗಾರ ಪಟ್ಟಿ ಬಿಚ್ಚಿದ ಮ್ಯಾಲ ಬರ್ರಿ, ಇನ್ನೊಮ್ಮೆ ಮುನ್ನಾದ ತಗಿಯೂಣು. ಬೆರಳು ನಿಲ್ಲತದೋ ಇಲ್ಲೋ ತಿಳೀತದ."

ಸೌಜನ್ಯಾ ಸಾಲಿನಲ್ಲಿ ನಿಂತವರ ಮುಖಗಳನ್ನು ನೋಡಿದಳು. ತಂತಿ ಮೀಟಿ ಹೊರಬಂದವರು ನಗುತ್ತಿರಲಿ ಅಳುತ್ತಿರಲಿ, ಎಲ್ಲರೂ ತಮ್ಮ ಕೈಯನ್ನು ಬೇರೆ ಯಾರದೋ ಸಾಮಾನಿನ ಹಾಗೆ ಎತ್ತಿ ಹಿಡಿದು ನಡೆಯುತ್ತಿದ್ದರು.

"ಬ್ಯಾಡ್ರಿ," ಎಂದಳು. "ಒಮ್ಮೆ ಕೇಳಿದ್ದು ಉಪಯೋಗ ಆತು. ಇನ್ನೊಮ್ಮೆ ಕೇಳಿದರ ನಾ ಸುತ್ತೂದು ಬಿಟ್ಟು ಬೆರಳ ನೋಡಕೋತ ಕುಂಡ್ರತೇನಿ."

ಮುನ್ನಾದ ಯಂತ್ರವನ್ನು ಇಳಿಸಿ, ಮೂರನೆಯದನ್ನು ತಳ್ಳುಗಾಡಿಯ ಮೇಲೆ ಹಾಕಿಸಿಕೊಂಡು ಹೋದಳು.

ಎರಡು ವರ್ಷ ಸುಲಭವಾಗಿರಲಿಲ್ಲ. ಮೊದಲ ಟ್ರಾನ್ಸ್‌ಫಾರ್ಮರನ್ನು ಸಾವಿರಾರು ಸುತ್ತು ಸುತ್ತಿದ ಮೇಲೆ ಒಂದು ಸುತ್ತು ತಪ್ಪಿದೆಯೆಂದು ತಿಳಿದು ಪೂರ್ತಿ ಬಿಚ್ಚಿದಳು. ಎರಡನೆಯದು ಹೊಗೆಯಾಡಿತು. ಮೂರನೆಯದು ನಿಂತಿತು. ಕಿರುಬೆರಳು ಕೆಲವು ದಿನ ಹೇಳಿದ ಮಾತು ಕೇಳುತ್ತಿತ್ತು, ಕೆಲವು ದಿನ ಕೇಳುತ್ತಿರಲಿಲ್ಲ. ಪೆಟ್ಟಿಗೆಯನ್ನು ಜಾಫರನೇ ಹಳೆಯ ಶಾಲೆಯ ಬೆಂಚುಗಳಿಂದ ಮಾಡಿಸಿಕೊಟ್ಟ.

ಕಾರ್ಯಕ್ರಮದ ಸಂಜೆ ಟೌನ್ ಹಾಲ್ ತುಂಬಿತ್ತು. ಸಭಿಕರು ಅಭ್ಯಾಸಬಲದಿಂದ ಗೋಡೆಯ ಮೇಲೆ ಬಿಲ್ಲೆಗಳನ್ನು ಹುಡುಕುತ್ತಿದ್ದರು. ಮೊದಲ ಸಾಲಿನಲ್ಲಿ ಗಡ್ಡ ತೆಗೆದ ಇಟಗಿ ಕುಳಿತಿದ್ದ. ವೇದಿಕೆಯ ಮೇಲೆ ಕುಳ್ಳ ಬೀರುವಿನಂತೆ ನಿಂತಿದ್ದ ಪೆಟ್ಟಿಗೆಯೊಳಗೆ ನಾಲ್ಕು ವಾಲ್ವ್‌ಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಸೌಜನ್ಯಾ ದಪ್ಪ ತಂತಿಯನ್ನು ಮೀಟಿದಳು.

ಸದ್ದು ಕಿವಿಗಿಂತ ಮೊದಲು ನೆಲಕ್ಕೆ ಇಳಿಯಿತು, ಕುರ್ಚಿಯ ಕಾಲುಗಳನ್ನು ಹತ್ತಿತು, ಮೊದಲ ನಾಲ್ಕು ಸಾಲಿನ ಜನರ ಎದೆಗೂಡಿನೊಳಗೆ ಹೊಕ್ಕಿತು. ಅಲ್ಲಿ ಕುಳಿತವರಲ್ಲಿ ಬಹಳ ಮಂದಿಗೆ ಹುಟ್ಟಿದಾಗಿನಿಂದ ಹಾಡಿನ ಸದ್ದೆಂಬುದು ಎದೆಯನ್ನು ಮುಟ್ಟಿರಲಿಲ್ಲ. ಇಟಗಿ ಬಿಳಿಚಿಕೊಂಡು ಎದೆ ಹಿಡಿದುಕೊಂಡ. ಪಕ್ಕದವರೂ ಹಿಡಿದುಕೊಂಡರು. ಯಾರೋ ಆಂಬುಲೆನ್ಸ್ ಕರೆದರು, ಮತ್ತಾರೋ ಇನ್ನೂ ಮೂರು ಬೇಕೆಂದರು. ಇಟಗಿಯನ್ನು ಸ್ಟ್ರೆಚರಿನ ಮೇಲೆ ಹೊತ್ತು ನಡೆದಾಗ ಹಾಡುವವಳು ಹೆದರಿ ಹಿಂತಿರುಗಿ ನೋಡಿದಳು.

"ನೀ ಹಾಡ," ಎಂದಳು ಸೌಜನ್ಯಾ. ಆಕೆಗೆ ಇಟಗಿಯ ಮುಖದ ಆ ಕಳೆ ಗೊತ್ತಿತ್ತು. ಗದಗಿನಲ್ಲಿ ತನಗೂ ಹಾಗೆಯೇ ಆಗಿತ್ತು. ಕಿರುಬೆರಳಿನ ಸ್ವರ ಬಂದಾಗ ಉಸಿರು ಹಿಡಿದು ಒತ್ತಿದಳು. ಮುಂಚಿನಷ್ಟು ಗಟ್ಟಿಯಾಗಿರಲಿಲ್ಲ, ಆದರೆ ಸ್ವರ ನಿಂತಿತು.

ಹಾಡು ಮುಗಿಯುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದುಕೊಂಡಿತು. ಇಟಗಿ ಅಂಗಿಯ ಗುಂಡಿ ಬಿಚ್ಚಿಕೊಂಡು, ಎದೆಗೆ ಅಂಟಿಸಿದ ಪರೀಕ್ಷೆಯ ತಂತಿಗಳನ್ನು ನೇತಾಡಿಸಿಕೊಂಡು ಸರಸರ ನಡೆದು ಬಂದ. ಹಿಂದೆ ಆಂಬುಲೆನ್ಸಿನವರಿಬ್ಬರು ಬೈಯುತ್ತ ಬಂದರು. ಅವನು ತನ್ನ ಕುರ್ಚಿಯನ್ನು ದಾಟಿ ನೇರ ಸ್ಪೀಕರಿನ ಎದುರಿಗೆ ಬಂದು ನಿಂತ.

"ಏನಂದ್ರು?" ಸೌಜನ್ಯಾ ಬಗ್ಗಿ ಕೇಳಿದಳು.

"ಏನೂ ಆಗಿಲ್ಲಂತ್ರಿ. ಎದಿ ಅಗದೀ ಛಲೋ ಅದಂತ." ಅವನ ಕಣ್ಣು ಒದ್ದೆಯಾಗಿತ್ತು, ನಾಚಿಕೆಯೂ ಆಗಿತ್ತು. "ಅಕ್ಕಾರ, ನನ್ನ ಯಂತ್ರ ಇದರ ಸುದ್ದೀನ ಹೇಳಿರಲಿಲ್ರಿ. ಆ ದಪ್ಪ ತಂತಿ ಇನ್ನೊಂದು ಸಲ ಬಾರಸ್ರಿ."

ಸೌಜನ್ಯಾ ಬಾರಿಸಿದಳು. ಆಂಬುಲೆನ್ಸಿನವರು ಬೈಯುವುದನ್ನು ನಿಲ್ಲಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ಟ್ರೆಚರನ್ನು ಗೋಡೆಗೆ ಒರಗಿಸಿ ಅವರೂ ಅಲ್ಲಿಯೇ ನಿಂತರು.