ಗೋದಲಿಗೆ ಒಂದೆಳೆ ಹುಲ್ಲು

"ಯಾರ ಬಸುರು ಹೊತ್ತೀನಿ ನಾ?"

ಕೇಳಿದವಳು ಸರೋಜಾ. ಕೇಳಿಸಿಕೊಳ್ಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕುರುಗೋಡಿನ ತನ್ನ ಗಂಡನ ಮನೆಯ ನಡುಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು, ಹಳೆಯ ನೂಲಿನ ಸೀರೆಯೊಂದನ್ನು ಮಡಿಕೆ ಮಡಿಕೆಯಾಗಿ ಹೊಟ್ಟೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಹೋದ ತಿಂಗಳಿಗಿಂತ ಒಂದು ಮಡಿಕೆ ಹೆಚ್ಚು. ಮೇಲೆ ಸಡಿಲ ಕುಪ್ಪಸ, ಅದರ ಮೇಲೆ ಸೆರಗು. ಕನ್ನಡಿಯಲ್ಲಿ ತುಂಬಿದ ಬಸುರಿಯೊಬ್ಬಳು ನಿಂತಿದ್ದಳು. ಅವಳ ಮುಖ ಮಾತ್ರ ಬಸುರಿಯದಾಗಿರಲಿಲ್ಲ.

ಹೊರಗೆ ಇಗರ್ಜಿಯ ಗಂಟೆ ಮೊಳಗಿತು. ಆಗಮನ ಕಾಲದ ಮೊದಲನೆಯ ಭಾನುವಾರ. ಕ್ರಿಸ್ಮಸ್ಸಿಗೆ ಮುಂಚಿನ ಈ ವಾರಗಳಲ್ಲಿ ಆ ಇಗರ್ಜಿಯ ಹೆಂಗಸರು ನಡೆಸಿಕೊಂಡು ಬಂದ ಪದ್ಧತಿಯೊಂದಿತ್ತು. ಬಾಗಿಲ ಪಕ್ಕದಲ್ಲಿ ಖಾಲಿ ಗೋದಲಿಯೊಂದನ್ನು ಇಡುತ್ತಿದ್ದರು. ತನಗೆ ಇಷ್ಟವಾದದ್ದನ್ನು ಬಿಟ್ಟವಳು, ಬಾಯಿಗೆ ಬಂದ ಸಿಟ್ಟನ್ನು ನುಂಗಿಕೊಂಡವಳು, ಒಂದೆಳೆ ನೆಲ್ಲುಹುಲ್ಲು ತಂದು ಅದರಲ್ಲಿ ಹಾಕಬೇಕು. ಏತಕ್ಕೆ ಹಾಕಿದೆನೆಂದು ಯಾರಿಗೂ ಹೇಳಬಾರದು. ಹಬ್ಬದ ಹಿಂದಿನ ಸಂಜೆ, ಆ ವರ್ಷ ತಾಯಿಯಾದವಳೊಬ್ಬಳು ಬಾಲಯೇಸುವಿನ ಪ್ರತಿಮೆಯನ್ನು ತನ್ನ ಕೂಸಿನಂತೆ ಎದೆಗವಚಿಕೊಂಡು ಬಂದು ಆ ಹುಲ್ಲಿನ ಮೇಲೆ ಮಲಗಿಸುತ್ತಿದ್ದಳು. ಮದುವೆಯಾಗಿ ಕೊಳಗಲ್ಲಿನಿಂದ ಈ ಊರಿಗೆ ಬಂದಂದಿನಿಂದ, ಏಳು ವರ್ಷ, ಸರೋಜಾ ಹಿಂದಿನ ಸಾಲಿನಲ್ಲಿ ಮೊಣಕಾಲೂರಿ ಆ ಹೆಂಗಸರ ಮುಖ ನೋಡಿದ್ದಳು. ನೋಡಿ ಮನೆಗೆ ಬಂದು, ಒಲೆಯ ಮುಂದೆ ಕೂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಿದ್ದಳು...

ಅತ್ತೆ ಜ್ಞಾನಮ್ಮ ಮೊದಲಿನಿಂದ ಕೆಟ್ಟವಳಲ್ಲ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಕಲ್ಲು ಮಣ್ಣು ಹೊತ್ತು, ಮಗ ಚಿನ್ನಪ್ಪನನ್ನೂ ಮಗಳು ಸ್ಟೆಲ್ಲಾಳನ್ನೂ ಬೆಳೆಸಿದ ಹೆಂಗಸು. ಈಗ ಇಗರ್ಜಿಯ ಮರಿಯಮ್ಮನ ಸಂಘಕ್ಕೆ ಅವಳೇ ಅಧ್ಯಕ್ಷೆ. ಅವಳ ಜಪಮಾಲೆಯ ದನಿ ಎದ್ದರೆ ಉಳಿದವರ ದನಿ ತಾನಾಗಿ ತಗ್ಗುತ್ತಿತ್ತು. "ದೇವ್ರ ಸಮಯ ದೇವ್ರಿಗೆ ಗೊತ್ತು, ಕಾಯಬೇಕವ್ವಾ" ಎಂದು ಅವಳು ಸೊಸೆಯ ತಲೆ ಸವರಿದ ದಿನಗಳೂ ಇದ್ದವು. ಆದರೆ ಮುಂಗಾರಿನ ಹೊತ್ತಿಗೆ, ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದ ಸ್ಟೆಲ್ಲಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. ಅವಳಿಗೆ ಮಾತು ಕೊಟ್ಟಿದ್ದವನು ಹೈದರಾಬಾದಿಗೆ ಹೋಗಿ ಫೋನ್ ನಂಬರ್ ಬದಲಿಸಿದ್ದ. ಗಾಂಧಿನಗರದ ಮೇಷ್ಟರ ಮನೆಯವರೊಂದಿಗೆ ಅವಳ ಮದುವೆಯ ಮಾತು ಆಗಲೇ ಮುಗಿದಿತ್ತು. ಹಬ್ಬ ಕಳೆದ ಮೇಲೆ ದಿನ ಗೊತ್ತು ಮಾಡುವುದೆಂದಾಗಿತ್ತು.

ಜ್ಞಾನಮ್ಮ ಅಳಲಿಲ್ಲ. ಮಗಳನ್ನು ಹೊಡೆಯಲೂ ಇಲ್ಲ. ಬಾಗಿಲು ಹಾಕಿ, ಸೊಸೆಯನ್ನು ಎದುರಿಗೆ ಕೂಡಿಸಿಕೊಂಡಳು.

"ಏಳು ವರ್ಷ ದೇವ್ರನ್ನ ಕೇಳಿದ್ದಿಲ್ಲೇನು, ಸರೋಜಾ? ಆತ ಒಂದ ಕೈಲೆ ತಗದು ಇನ್ನೊಂದ ಕೈಲೆ ಕೊಡಾಕತ್ತಾನ. ಇಕಿ ಹಡೀತಾಳ, ನೀ ತಾಯಿ ಆಗ್ತಿ. ಇಕಿ ಬಾಳೂ ಉಳೀತೈತಿ, ನಿನ್ನ ಮಡಿಲೂ ತುಂಬ್ತೈತಿ. ಇದು ದೇವ್ರ ಸಮಯ. ಬ್ಯಾಡ ಅಂತಿಯೇನು?"

ಸರೋಜಾ ಬೇಡ ಅನ್ನಲಿಲ್ಲ. ಏಳು ವರ್ಷ ಖಾಲಿಯಿದ್ದ ಮಡಿಲು ಅವಳ ಬಾಯಿಯನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟಿತ್ತು.

ಅಂದಿನಿಂದ ಸ್ಟೆಲ್ಲಾ ರಾರಾವಿಯಲ್ಲಿ. ಅಲ್ಲಿ ಜ್ಞಾನಮ್ಮನ ತಂಗಿ ಪಕ್ಕೀರಮ್ಮನ ಮನೆ. ಅವಳು ಇಗರ್ಜಿಗೆ ಸೇರಿದವಳಲ್ಲ. ಕುರುಗೋಡಿನ ಸಂಘದ ಹೆಂಗಸರು ಯಾರೂ ಆ ಹೊಸ್ತಿಲು ತುಳಿಯುವವರಲ್ಲ. ಇಲ್ಲಿ ಸರೋಜಾಗೆ ಮಡಿಕೆಯ ಮೇಲೆ ಮಡಿಕೆ. ಡಾಕ್ಟರು ಮಂಚ ಬಿಟ್ಟು ಇಳಿಯಬಾರದು ಅಂದಿದ್ದಾರೆ ಎಂದು ಜ್ಞಾನಮ್ಮ ಊರಿಗೆಲ್ಲ ಹೇಳಿ, ಈ ಭಾನುವಾರ ಸೊಸೆಯ ಹೆಸರಿನಲ್ಲಿ ತಾನೇ ಗೋದಲಿಗೆ ಹುಲ್ಲು ಹಾಕಲು ಹೋಗಿದ್ದಳು.

ಆ ಭಾನುವಾರ ಪೂಜೆ ಮುಗಿದ ಮೇಲೆ ಓಣಿಯ ಕೊನೆಯ ಮನೆಯ ಅಂತೋಣಮ್ಮ ಬಂದಳು. ಮಕ್ಕಳಿಲ್ಲದ ಹೆಂಗಸು, ವಯಸ್ಸು ಐವತ್ತು ದಾಟಿತ್ತು. ಚಹಾ ಇಲ್ಲದೆ ಅವಳಿಗೆ ಬೆಳಗೇ ಆಗುವುದಿಲ್ಲವೆಂದು ಓಣಿಯೆಲ್ಲ ನಗುತ್ತಿತ್ತು. ಸೆರಗಿನಡಿಯಿಂದ ಬಿಸಿ ಕಡುಬಿನ ಡಬ್ಬಿ ತೆಗೆದು ಮಂಚದ ಮೇಲಿಟ್ಟಳು.

"ತಿನ್ನು. ಹಿಂಗ ಬಿದ್ಕೊಂಡಿದ್ರ ಒಳಗಿರೋದೂ ನಿನ್ನಂಗ ಸೋಮಾರಿ ಆಗ್ತೈತಿ ನೋಡು."

"ಚಾ ಇಡ್ತೀನಿ, ಕುಂದರ್ರಿ ಯಕ್ಕಾ."

"ನೀ ಏಳಬ್ಯಾಡ. ಚಾ ಬ್ಯಾಡ ನನಗ."

"ನಿಮಗ ಚಾ ಬ್ಯಾಡಾ?"

ಅಂತೋಣಮ್ಮ ಕಡುಬಿಗೆ ತುಪ್ಪ ಸವರಿದಳು. ಗೋಡೆಯ ಕಡೆ ನೋಡುತ್ತ, "ಹಬ್ಬ ಆಗ್ಲಿ. ನಿನ್ನ ಕೂಸಿನ್ನ ತೊಡಿ ಮ್ಯಾಲ ಮಲಗಿಸ್ಕೊಂಡು ಗಡಗಿ ತುಂಬ ಕುಡೀತೀನಿ" ಅಂದಳು.

ಸರೋಜಾ ಕೈಯಲ್ಲಿದ್ದ ಕಡುಬನ್ನು ಮತ್ತೆ ಡಬ್ಬಿಯಲ್ಲಿಟ್ಟಳು. ತಾನು ಪಡೆಯದ ಭಾಗ್ಯ ಇನ್ನೊಬ್ಬಳಿಗೆ ಸುಖವಾಗಿ ದಕ್ಕಲೆಂದು ಈ ಹೆಂಗಸು ತನ್ನ ಒಂದೇ ಒಂದು ಆಸೆಯನ್ನು ಬಿಟ್ಟಿದ್ದಳು. ಅದರ ಹುಲ್ಲು ಆ ಗೋದಲಿಯಲ್ಲಿ ಬಿದ್ದಿತ್ತು. ಯಾರಿಗಾಗಿ? ಒಂದು ಸೀರೆಯ ಮಡಿಕೆಗಾಗಿ!

ಅಂದು ಅತ್ತೆ ಮಗನೊಂದಿಗೆ ಊಟಕ್ಕೆ ಕೂತಾಗ ಸರೋಜಾ ತಡೆಯಲಾರದೆ ಅಂದಳು: "ಅತ್ತಿ, ಅಂತೋಣಮ್ಮಕ್ಕ ನನಗೋಸ್ಕರ ಚಾ ಬಿಟ್ಟಾಳ್ರಿ. ನನ್ನ ಕೈಲಿ ಆಗಂಗಿಲ್ಲ. ದತ್ತು ತಗೊಂಡೀವಿ ಅಂತ ಹೇಳೂಣ್ರಿ. ನಾ ಹಂಗೂ ಸಾಕ್ತೀನಿ."

"ಎಲ್ಲಿಂದ ತಂದ್ರಿ ಅಂತ ಕೇಳ್ತಾರ. ಕೂಸಿನ ಮಾರಿ ನೋಡ್ತಾರ. ಆಮ್ಯಾಲ ನನ್ನ ಮಗಳ ಮಾರಿ ನೋಡ್ತಾರ." ಜ್ಞಾನಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ಕೈಲಿ ಆಗಂಗಿಲ್ಲಂದ್ರ ಹೇಳಿಬಿಡು. ಗುರ್ತಿಲ್ಲದ ದೂರದೂರಿನ ಆಶ್ರಮದಾಗ ಬಿಟ್ಟು ಬರ್ತೀನಿ. ನೀನೂ ಗಂಟು ಕಟ್ಟಿಕೊಂಡು ಕೊಳಗಲ್ಲಿಗೆ ಹೋಗಬೌದು."

ಚಿನ್ನಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ. ತಾಯಿಗೂ ಹೆಂಡತಿಗೂ ನಡುವೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಎರಡನೆಯ ವಾರದಲ್ಲಿ ರಾರಾವಿಯಿಂದ ಫೋನ್ ಬಂತು. ಹೆಣ್ಣು ಕೂಸು. ಸೊಸೆಗೆ ನೋವು ಬಂತೆಂದು ಜ್ಞಾನಮ್ಮ ಓಣಿಗೆ ಕೇಳುವಂತೆ ಕೂಗಿ, ಬಳ್ಳಾರಿಯ ಆಸ್ಪತ್ರೆಗೆಂದು ಹೇಳಿ, ಅವಳನ್ನು ಮಗನ ಗೂಡ್ಸ್ ಆಟೋದಲ್ಲಿ ಕೂಡಿಸಿ ಕಳಿಸಿದಳು. ಆಟೋ ಬಳ್ಳಾರಿಯ ಕಡೆ ತಿರುಗಲಿಲ್ಲ. ಸಿರುಗುಪ್ಪದ ದಾರಿ ಹಿಡಿಯಿತು. ಕಾಲುವೆಯ ಎರಡೂ ಕಡೆ ನೆಲ್ಲು ಕೊಯ್ಲಾಗಿ ಗದ್ದೆ ತುಂಬ ಹುಲ್ಲು ಹಾಸಿ ಬಿದ್ದಿತ್ತು. ಎಷ್ಟೊಂದು ಹುಲ್ಲು... ತನ್ನದು ಎನ್ನಲು ಅವಳ ಬಳಿ ಒಂದೆಳೆಯೂ ಇರಲಿಲ್ಲ.

ಪಕ್ಕೀರಮ್ಮನ ಒಳಮನೆಯಲ್ಲಿ ಸ್ಟೆಲ್ಲಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗ್ಗುಲಲ್ಲಿ ಅಂಗೈ ಅಗಲದ ಮುಖ. ಸರೋಜಾ ಎತ್ತಿಕೊಂಡಳು. ಕೂಸು ಅವಳ ಕುಪ್ಪಸವನ್ನು ಮೂಗಿನಿಂದ ತಡಕಿ, ಏನೂ ಸಿಗದೆ ಬಾಯಿ ಚಪ್ಪರಿಸಿ ಅತ್ತಿತು. ಆದರೂ ಆ ಭಾರ, ಆ ಬಿಸಿ! ಅವಳ ಮೈಯೆಲ್ಲ ಕಣ್ಣೀರಾಗಿ ಇಳಿಯುವಂತಾಯಿತು. ದೇವರೇ, ನಿನ್ನ ಸಮಯ ಇದೇ ಏನು? ಇದೇ ಅನ್ನು. ಒಂದು ಸಲ ಅನ್ನು, ಸಾಕು...

ಒಂದು ವಾರ ಸ್ಟೆಲ್ಲಾಳೇ ಹಾಲು ಕೊಟ್ಟಳು. ಆಮೇಲೆ ಜ್ಞಾನಮ್ಮನ ಫೋನ್ ಬಂತು. "ಸಾಕು, ಬಿಡಸ್ರಿ. ಬಾಟಲಿ ರೂಢಿ ಆಗ್ಲಿ. ಅಕಿ ಎದಿಗೆ ಮಲ್ಲಿಗಿ ಕಟ್ರಿ."

ಎದೆಯ ಹಾಲು ಬತ್ತಿಸಲು ಅದು ಹಳೆಯ ಕಾಲದ ಉಪಾಯ. ಚಿನ್ನಪ್ಪ ಸಿರುಗುಪ್ಪದಿಂದ ಮಲ್ಲಿಗೆ ತಂದುಕೊಟ್ಟ. ಸರೋಜಾ ಹೂವನ್ನು ಒತ್ತೊತ್ತಾಗಿ ಕಟ್ಟಿ, ನಾದಿನಿಯ ಎದೆಯ ಮೇಲಿಟ್ಟು, ಬಟ್ಟೆಯಿಂದ ಬಿಗಿದಳು. ಸ್ಟೆಲ್ಲಾ ಕೈ ಎತ್ತಿ ನಿಂತಿದ್ದಳು, ಅಳತೆ ಕೊಡುವವಳ ಹಾಗೆ.

"ನೋಯ್ತೈತೇನು?"

"ಬಿಗೀರಿ ಅತ್ತಿಗಿ. ಅರ್ಧಮರ್ಧ ಕಟ್ಟಿದ್ರ ಇನ್ನೂ ನೋಯ್ತೈತಿ."

ಮನೆಯೆಲ್ಲ ಮದುವೆ ಮನೆಯಂತೆ ಘಮಘಮಿಸಿತು. ಆ ಪರಿಮಳದಲ್ಲಿ ಕೂಸು ಬಾಟಲಿ ಒಲ್ಲದೆ ಅತ್ತಿತು. ಅದು ಅತ್ತಾಗಲೆಲ್ಲ ಸ್ಟೆಲ್ಲಾಳ ಎದೆಯ ಬಟ್ಟೆ ನೆನೆದು, ಬಿಳಿ ಹೂವು ಕಂದಿ ಅಂಟಿಕೊಂಡಿತು. ಅವಳು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಹುಲ್ಲಿನ ಬಣವೆಗೆ ಒರಗಿ ನಿಲ್ಲುತ್ತಿದ್ದಳು. ಸರೋಜಾ ಮತ್ತೆ ಹೊಸ ಹೂವು ಕಟ್ಟಿದಳು. ಮತ್ತೆ ಬಿಗಿದಳು. ಜಪಮಾಲೆ ಹಿಡಿಯುವ ಬೆರಳು, ಅದೇ ಬೆರಳು.

ಹಬ್ಬದ ಹಿಂದಿನ ದಿನ ಬಂತು. ಮಧ್ಯಾಹ್ನಕ್ಕೆ ಹೊರಡಬೇಕು, ಸಂಜೆಗೆ ಸರೋಜಾ ಕೂಸಿನೊಂದಿಗೆ ಇಗರ್ಜಿಗೆ ಬರಬೇಕು, ಬಾಲಯೇಸುವನ್ನು ಎತ್ತುವವಳು ಈ ಸಲ ತನ್ನ ಸೊಸೆ ಎಂದು ಜ್ಞಾನಮ್ಮ ಸಂಘಕ್ಕೆಲ್ಲ ಹೇಳಿಯಾಗಿತ್ತು. ಚಿನ್ನಪ್ಪ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಸರೋಜಾ ಕೂಸಿಗೆ ಟೋಪಿ ಹಾಕುತ್ತಿದ್ದಳು. ಸ್ಟೆಲ್ಲಾ ಬಂದು ಎದುರಿಗೆ ಕೂತಳು.

"ನಿಮ್ಮ ಕೈಯಾಗ ಚೊಲೊ ಬೆಳೀತೈತಿ. ನನಗ ಗೊತ್ತೈತಿ, ಅತ್ತಿಗಿ."

"ಹ್ಞೂಂ."

"ಮಾತು ಬಂದಾಗ ನಿಮಗ ಅವ್ವ ಅಂತೈತಿ."

ಸರೋಜಾ ಟೋಪಿಯ ದಾರ ಕಟ್ಟಿದಳು.

"ನನಗ ಅತ್ತಿ ಅಂತೈತಿ. ಹಬ್ಬಕ್ಕೊಮ್ಮಿ ಬರ್ತೀನಿ, ಫ್ರಾಕ್ ತರ್ತೀನಿ. ಅತ್ತಿ ಬಂದಾಳ, ಮಾತಾಡ್ಸು ಅಂತ ನೀವು ಹೇಳ್ತೀರಿ. ನಾ ನಗಬೇಕು..." ಸ್ಟೆಲ್ಲಾ ನಗಲು ನೋಡಿದಳು. ನಗು ತುಟಿಯಲ್ಲೇ ಮುರಿದು ಬಿತ್ತು. "ಒಂದ ಸಲ ಕೊಡ್ರಿ. ಹಾಲು ಕುಡಸಂಗಿಲ್ಲ. ಬರೇ ಹಿಡ್ಕೋತೀನಿ."

ಕೂಸು ತಾಯಿಯ ಕೈ ಸೇರಿದ್ದೇ ಕಂದಿದ ಮಲ್ಲಿಗೆಯ ಕಟ್ಟನ್ನು ಬಾಯಿಂದ ತಡಕತೊಡಗಿತು. ಬಟ್ಟೆಯನ್ನೇ ಚೀಪಿತು. ಸ್ಟೆಲ್ಲಾ ಮುಖ ಮೇಲೆತ್ತಿ, ತೊಲೆಯನ್ನು ನೋಡುತ್ತ ಕೂತಳು. ಬಾಗಿಲಲ್ಲಿ ನಿಂತಿದ್ದ ಪಕ್ಕೀರಮ್ಮ, "ನಾನೂ ಹಡದಾಕಿ, ಇದನ್ನ ನೋಡಾಕ ಆಗಂಗಿಲ್ಲವ್ವಾ" ಎಂದು ಸೆರಗು ಬಾಯಿಗಿಟ್ಟುಕೊಂಡು ಸರಿದುಹೋದಳು.

ದೇವರು ಒಂದು ಕೈಯಿಂದ ತೆಗೆದು ಇನ್ನೊಂದು ಕೈಯಿಂದ ಕೊಡುತ್ತಾನೆ ಎಂದಿದ್ದರಲ್ಲ ಅತ್ತೆ. ತೆಗೆಯುತ್ತಿದ್ದ ಕೈ ದೇವರದಾಗಿರಲಿಲ್ಲ. ಹೂವು ಬಿಗಿದ ಈ ಕೈ, ಟೋಪಿ ಹಾಕಿದ ಈ ಕೈ. ಏಳು ವರ್ಷ ಕಾದವಳಿಗೆ ಆ ಗಳಿಗೆಯಲ್ಲಿ ಅದು ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಕಂಡದ್ದರಿಂದ ಸಮಾಧಾನವೇನೂ ಆಗಲಿಲ್ಲ. ಎದೆಯೊಳಗೆ ಯಾವುದೋ ಬಾಗಿಲು ಮುಚ್ಚಿದಂತಾಯಿತು, ಅಷ್ಟೇ.

ಅವಳು ಎದ್ದು ನಾದಿನಿಯ ಬೆನ್ನ ಹಿಂದೆ ಕೂತು, ತಾನೇ ಹಾಕಿದ ಗಂಟನ್ನು ಬಿಚ್ಚಿದಳು. ಮಲ್ಲಿಗೆ ನೆಲಕ್ಕೆ ಉದುರಿತು.

"ಕುಡಸು."

"ಅವ್ವ..."

"ಅವ್ವನ್ನ ನಾ ನೋಡ್ಕೋತೀನಿ. ಆಶ್ರಮಕ್ಕ ಅಂತ ಯಾರ ಬಂದ್ರೂ ಕೈ ಬಿಡಬ್ಯಾಡ. ಕುಡಸು ನೀ."

ಮೂಲೆಯಲ್ಲಿ ಅವಳ ಗಂಟಿತ್ತು. ಅದರಲ್ಲಿ ತಿಂಗಳುಗಟ್ಟಲೆ ಹೊಟ್ಟೆಗೆ ಕಟ್ಟಿಕೊಂಡಿದ್ದ ಆ ನೂಲಿನ ಸೀರೆ, ಅವಳ ಬೆವರಿಗೆ ಮೆತ್ತಗಾಗಿದ್ದ ಸೀರೆ. ಅದನ್ನು ಹರಿದು, ಹಾಲು ಕುಡಿದು ಕಣ್ಣು ಮುಚ್ಚಿದ ಕೂಸಿಗೆ ಬೆಚ್ಚಗೆ ಸುತ್ತಿದಳು. ಹಣೆಗೆ ಮುತ್ತಿಡಲಿಲ್ಲ. ಇಟ್ಟರೆ ಎದ್ದು ಬರಲಾರೆನೆಂದು ಅವಳಿಗೆ ಗೊತ್ತಿತ್ತು. ಹಿತ್ತಲ ಬಣವೆಯಿಂದ ಒಂದೆಳೆ ಹುಲ್ಲು ಹಿರಿದುಕೊಂಡು ಆಟೋದಲ್ಲಿ ಬಂದು ಕೂತಳು.

ಚಿನ್ನಪ್ಪ ಅವಳ ಖಾಲಿ ಕೈ ನೋಡಿದ. "ಕೂಸು?"

"ಅದರ ತಾಯಿ ಹತ್ರ ಐತಿ."

"ಅವ್ವಗ ಏನ್ ಹೇಳ್ಲೇ ನಾ?"

"ನೀವು ಇಲ್ಲೀಮಟ ಏನೂ ಹೇಳಿಲ್ಲ. ಈಗೂ ಏನೂ ಹೇಳಬ್ಯಾಡ್ರಿ."

ಸಿರುಗುಪ್ಪ ದಾಟುವವರೆಗೂ ಅವನು ತಿರುಗಿ ನೋಡಲಿಲ್ಲ. ಆಮೇಲೆ ಒಂದು ಕಡೆ ಆಟೋ ನಿಲ್ಲಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಮತ್ತೆ ಹೊರಟ.

ಕುರುಗೋಡು ಸೇರುವ ಹೊತ್ತಿಗೆ ಇಗರ್ಜಿಯ ನಕ್ಷತ್ರದ ದೀಪ ಹೊತ್ತಿತ್ತು. ಒಳಗೆ ಹಾಡು ಶುರುವಾಗಿತ್ತು. ಬಾಗಿಲಲ್ಲಿ ಜ್ಞಾನಮ್ಮ ಬಿಳಿ ಸೀರೆಯುಟ್ಟು, ಬಾಲಯೇಸುವಿನ ಪ್ರತಿಮೆಯನ್ನು ಜರಿಯಂಚಿನ ಬಟ್ಟೆಯಲ್ಲಿ ಸುತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಸಂಘದ ಹೆಂಗಸರು. ಅವರ ಮುಂದೆ, ಹಬ್ಬದ ಸೀರೆಯಲ್ಲಿ ಅಂತೋಣಮ್ಮ, ಕತ್ತು ಉದ್ದ ಮಾಡಿ ಸರೋಜಾಳ ಮಡಿಲನ್ನು ಹುಡುಕುತ್ತಿದ್ದಳು.

ಸರೋಜಾ ನೇರವಾಗಿ ಗೋದಲಿಯ ಬಳಿ ಹೋಗಿ ಬಾಗಿ, ತನ್ನ ಒಂದೆಳೆ ಹುಲ್ಲನ್ನು ಹಾಕಿದಳು. ಅದು ಉಳಿದ ಹುಲ್ಲಿನೊಳಗೆ ಸೇರಿಹೋಯಿತು. ಯಾವುದು ಅವಳದೆಂದು ಗುರುತಿಸಲಾಗಲಿಲ್ಲ.

ಜ್ಞಾನಮ್ಮ ಬಳಿ ಬಂದಳು. "ಕೂಸೆಲ್ಲಿ?" ದನಿ ತುಟಿ ದಾಟಲಿಲ್ಲ.

"ಹಾಲು ಕುಡದು ಮಲಗೇತಿ. ಅವರವ್ವನ ಮಗ್ಗುಲಾಗ."

ಜ್ಞಾನಮ್ಮನ ಮುಖದಿಂದ ರಕ್ತ ಇಳಿಯಿತು. ಕಲ್ಲು ಹೊತ್ತ ಆ ಕೈಗಳು ಪ್ರತಿಮೆಯನ್ನು ಎದೆಗೆ ಒತ್ತಿ ಹಿಡಿದವು. ಆದರೂ ಅವಳು ಸೋಲುವ ಹೆಂಗಸಲ್ಲ. ಹೆಂಗಸರಿಗೆ ಬೆನ್ನು ಮಾಡಿ, ಸೊಸೆಯ ಮೊಣಕೈ ಹಿಡಿದಳು.

"ಆಗ್ಲಿ. ಕೂಸಿಗೆ ಆರಾಮಿಲ್ಲ, ಬಳ್ಳಾರಿ ಆಸ್ಪತ್ರ್ಯಾಗ ಐತಿ ಅಂತ ಹೇಳ್ತೀನಿ. ನಾಳಿದ್ದು ನಾಳಿಗೆ ನೋಡೂಣು. ಈಗ ಇದನ್ನ ಹಿಡ್ಕೊ. ಇಷ್ಟ ದೂರ ನಡ್ಕೊಂಡು ಹೋಗಿ ಮಲಗಿಸು, ಸಾಕು." ಅವಳ ದನಿ ಒಡೆಯಿತು. ಆ ಮನೆಯಲ್ಲಿ ಅದು ಹಾಗೆ ಒಡೆದದ್ದನ್ನು ಸರೋಜಾ ಎಂದೂ ಕೇಳಿರಲಿಲ್ಲ. "ಗಂಡ ಸತ್ತ ದಿನಾನೂ ನಾ ಯಾರ ಮುಂದೂ ಕೈ ಚಾಚಿಲ್ಲವ್ವಾ. ನಿನ್ನ ಮುಂದ ಚಾಚೀನಿ. ಮಂದಿ ನೋಡಾಕತ್ತಾರ. ಬೇಕಾದ್ರ ಆಮ್ಯಾಲ ನನ್ನ ಮಾರಿಗೆ ಉಗುಳು. ಈಗ ಹಿಡ್ಕೊ, ಸರೋಜಾ."

ಜರಿಯಂಚಿನ ಬಟ್ಟೆ ಅವಳ ಎದೆಗೆ ತಾಗಿತು. ಏಳು ವರ್ಷ ಹಿಂದಿನ ಸಾಲಿನಿಂದ ನೋಡಿದ್ದ ಆ ಪುಟ್ಟ ಮುಖ ಈಗ ಅವಳ ಕೈಯಳತೆಯಲ್ಲಿತ್ತು. ಕೈ ಚಾಚಿದರೆ ಮನೆ ಇತ್ತು, ಗಂಡನಿದ್ದ, ಮರ್ಯಾದೆ ಇತ್ತು. ಹಿಂದೆ ಅಂತೋಣಮ್ಮ ಯಾರಿಗೋ ಪಿಸುಗುಟ್ಟುತ್ತಿದ್ದಳು: "ಪಾಪ, ಹಸಿ ಬಾಣಂತಿ, ನಿಲ್ಲಾಕ ಆಗವಲ್ದು. ಒಂದು ಕುರ್ಚಿ ತರ್ರಿ."

ಸರೋಜಾ ಎರಡೂ ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡಳು.

"ಇಲ್ಲತ್ತಿ," ಅಂದಳು, ಎಲ್ಲರಿಗೂ ಕೇಳುವಷ್ಟು. "ನಾ ಹಡದಿಲ್ಲ. ನಾ ಹಿಡಿಯಂಗಿಲ್ಲ."